ಸರ್ಜಿಕಲ್ ವಾರ್ಡಿನ ಸಿಸ್ಟರುಗಳಿಗೆ ನಾಲ್ಕೂವರೆ ಸ್ಟಾರ್, ಡಿಸ್ಚಾರ್ಜ್ ದಿನಕ್ಕೆ ಒಂದೂವರೆ

ಸರ್ಜನ್ ಹೇಗೆ, ಆಪರೇಷನ್ ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅದನ್ನು ಅಳೆಯುವ ವಿದ್ಯೆ ನನಗಿಲ್ಲ. ಥಿಯೇಟರ್ ಬಾಗಿಲ ಆಚೆ ಏನು ನಡೆಯಿತೋ ನಾನು ನೋಡಿಲ್ಲ. ನೋಡಿದ್ದು ವಾರ್ಡು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ನಮ್ಮವ್ವನ ಮಂಚದ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಡಾಕ್ಟರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಹೋಗುತ್ತಾರೆ. ಉಳಿದ ಹೊತ್ತೆಲ್ಲ ಸಿಸ್ಟರುಗಳೇ ಅಲ್ವಾ? ಆದರೆ ಆಸ್ಪತ್ರೆ ರಿವ್ಯೂ ತೆಗೆದು ನೋಡಿ, ಪಾರ್ಕಿಂಗ್ ಬಗ್ಗೆ ಹತ್ತು ಸಾಲು ಇರುತ್ತೆ, ಸಿಸ್ಟರುಗಳ ಬಗ್ಗೆ "ಸ್ಟಾಫ್ ಒಳ್ಳೆಯವರು" ಅಂತ ಒಂದೇ ಸಾಲು.

ಆಸ್ಪತ್ರೆಯ ಹೆಸರು ಬೇಕು ಅಂತಲೇ ಹಾಕಿಲ್ಲ. ಹೊಗಳಿಕೆ ಜೊತೆ ದೂರೂ ಇದೆ. ಹೆಸರು ಹಾಕಿ ದೂರು ಬರೆದರೆ ಕೊನೆಗೆ ಅದು ಯಾರೋ ಪಾಪದ ಸಿಸ್ಟರ್ ತಲೆಗೆ ಬರುತ್ತೆ. ನಿಮ್ಮವರನ್ನು ಎಲ್ಲೇ ಸೇರಿಸಿದರೂ ಏನನ್ನು ನೋಡಬೇಕು, ಏನನ್ನು ಕೇಳಿ ಪಡೆಯಬೇಕು ಅನ್ನೋದಕ್ಕೆ ಇದು ಉಪಯೋಗಕ್ಕೆ ಬಂದರೆ ಸಾಕು.

ಅವ್ವನಿಗೆ ಶುಗರ್ ಬಂದು ಹದಿನೈದು ವರ್ಷದ ಮೇಲಾಯಿತು. ಮಂಡ್ಯ ಹತ್ತಿರದ ಹಳ್ಳಿ, ಕಬ್ಬಿನ ಗದ್ದೆ, ಬರಿಗಾಲು. ಕಟಾವು ಆದ ಗದ್ದೆಯಲ್ಲಿ ಕೂಳೆ ಚುಚ್ಚಿತು. ನೋವೇ ಆಗಲಿಲ್ಲವಂತೆ. ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದಳು. ಕಿರುಬೆರಳು ಕಪ್ಪಾಗಿ ವಾಸನೆ ಬಂದ ಮೇಲೆ ಮೈಸೂರಿಗೆ ಕರೆತಂದೆವು. ಕಾಲಿನ ರಕ್ತನಾಳಕ್ಕೆ ಡಾಪ್ಲರ್ ಸ್ಕ್ಯಾನ್, ಅಂದರೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡುವ ಸ್ಕ್ಯಾನ್, ಮಾಡಿದರು. ಆಮೇಲೆ ಬೆರಳು ತೆಗೆದು, ಸುತ್ತ ಕೊಳೆತಿದ್ದನ್ನೂ ಕೆರೆದು ಸ್ವಚ್ಛ ಮಾಡಿದರು. ಪಾದ ಉಳಿಯಿತು.

ನೋವು ಆಗದೆ ಇದ್ದಿದ್ದು ಯಾಕೆ ಅಂತ ಅವ್ವನಿಗೆ ತೋರಿಸಿಕೊಟ್ಟಿದ್ದು ವಾರ್ಡಿನ ಸಿಸ್ಟರ್. ಅವರ ಹತ್ತಿರ ಸಣ್ಣ ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ ಇತ್ತು. ಚರ್ಮಕ್ಕೆ ಒತ್ತಿದರೆ 10 ಗ್ರಾಂ ಭಾರಕ್ಕೆ ಅದು ಬಾಗುತ್ತದೆ. ಅಷ್ಟು ಒತ್ತಿದ್ದು ಗೊತ್ತಾಗದಿದ್ದರೆ ಕಾಲಿನ ನರ ಮಂಕಾಗಿದೆ ಅಂತ ಲೆಕ್ಕ. ಕಣ್ಣು ಮುಚ್ಚಿಸಿ, "ಮುಟ್ಟಿದಾಗ ಹೂಂ ಅನ್ನಿ ಅಮ್ಮ" ಅಂದರು. ಒಳ್ಳೆಯ ಕಾಲನ್ನೇ ಪರೀಕ್ಷೆ ಮಾಡಿದ್ದು. ಎರಡು ಮೂರು ಕಡೆ ಬಿಟ್ಟರೆ ಅವ್ವ ಹೂಂ ಅನ್ನಲೇ ಇಲ್ಲ. ಆಮೇಲೆ ಕಣ್ಣು ಬಿಡಿಸಿ, ಅದೇ ಜಾಗಕ್ಕೆ ಒತ್ತಿ ತೋರಿಸಿದರು. ಎಳೆ ಬಾಗುತ್ತಿದೆ, ಇವಳಿಗೆ ಗೊತ್ತಾಗುತ್ತಿಲ್ಲ. "ಒತ್ತವ್ರೆ, ನಂಗೆ ಗೊತ್ತೇ ಆಗ್ನಿಲ್ಲ ಕಣ್ಲಾ" ಅಂತ ನನ್ನ ಮುಖ ನೋಡಿದಳು. ಚಪ್ಪಲಿ ಹಾಕ್ಕೊ ಅಂತ ನಾನು ವರ್ಷಾನುಗಟ್ಟಲೆ ಕೂಗಾಡಿದ್ದೆ. ಆ ಎರಡು ನಿಮಿಷ ಮಾಡಿದ ಕೆಲಸವನ್ನು ನನ್ನ ಕೂಗಾಟ ಮಾಡಿರಲಿಲ್ಲ.

ಆಪರೇಷನ್ ಹಿಂದಿನ ದಿನದ ತಯಾರಿ ಚೆನ್ನಾಗಿತ್ತು. ಏನೇನು ಆಗುತ್ತೆ, ಸೊಂಟದ ಕೆಳಗೆ ಎಷ್ಟು ಹೊತ್ತು ಜೋಮು ಇರುತ್ತೆ, ಎದ್ದಾಗ ಕೈಗೆ ಡ್ರಿಪ್ ಇರುತ್ತೆ, ಎಲ್ಲವನ್ನೂ ಮೊದಲೇ ಹೇಳಿದ್ದರಿಂದ ಅವ್ವ ಗಾಬರಿಯಾಗಲಿಲ್ಲ. ಮೂರು ಚೆಂಡಿನ ಉಸಿರಿನ ಡಬ್ಬಿ ಕೊಟ್ಟು ಎಳೆಯಲು ಕಲಿಸಿದರು. ಮಲಗಿದಲ್ಲೇ ಇರುವವರಿಗೆ ಎದೆಯಲ್ಲಿ ಕಫ ಕಟ್ಟದಿರಲಿ ಅಂತ. ಅದನ್ನು ಊದಬಾರದು, ಒಳಗೆ ಎಳೆಯಬೇಕು. ಪಕ್ಕದ ಬೆಡ್ಡಿನವರು ಊದುತ್ತಲೇ ಇದ್ದರು, ಅವರಿಗೆ ಅವ್ವನೇ ಪಾಠ ಮಾಡಿದಳು.

ಮೂಗುಬೊಟ್ಟು ತೆಗೆಯುವಾಗ ಮಾತ್ರ ದೊಡ್ಡ ರಾಮಾಯಣ. ಮದುವೆಯಲ್ಲಿ ಹಾಕಿದ್ದು, ಬಿಚ್ಚೇ ಇಲ್ಲ. ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಲು ಕರೆಂಟಿನ ಯಂತ್ರ ಬಳಸುತ್ತಾರೆ, ಮೈಮೇಲೆ ಲೋಹ ಇದ್ದರೆ ಅಲ್ಲಿ ಸುಡುವ ಭಯ ಅಂತ ಸಿಸ್ಟರ್ ಸಮಾಧಾನವಾಗಿ ಹೇಳಿ, ಸೋಪು ನೀರು ಹಾಕಿ, ಹತ್ತು ನಿಮಿಷ ಕಷ್ಟಪಟ್ಟು ಬಿಡಿಸಿದರು. ಗದರಲಿಲ್ಲ. ನನ್ನ ಕೈಗೆ ಕೊಟ್ಟು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು.

ಇನ್ನೊಂದು ವಿಷಯ ಅವ್ವನಿಗೆ ಕಿರಿಕಿರಿ ಆಗಿದ್ದು, ನನಗೆ ಇಷ್ಟವಾಗಿದ್ದು. ಬಂದವರೆಲ್ಲ "ನಿಮ್ಮ ಹೆಸರೇನು? ಯಾವ ಕಾಲು?" ಅಂತ ಕೇಳುತ್ತಿದ್ದರು. ಕೈಗೆ ಪಟ್ಟಿ ಕಟ್ಟಿದ್ದಾರೆ, ಕಾಲಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದ್ದಾರೆ, ಆದರೂ ಕೇಳುತ್ತಾರೆ. "ಎಷ್ಟ್ ಜನಕ್ಕೆ ಹೇಳ್ಲಿ, ಕಪ್ಪಗಿರೋ ಬೆಳ್ಳು ಕಾಣಾಕಿಲ್ವಾ?" ಅಂತ ಅವ್ವ ರೇಗಿದಳು. ಇದು ಮರೆವಲ್ಲ. ಆಪರೇಷನ್ನಿಗೆ ಮೊದಲು ರೋಗಿ, ಜಾಗ, ಮಾಡುವ ಕೆಲಸ ಮೂರನ್ನೂ ಬಾಯಲ್ಲಿ ಹೇಳಿ ಖಚಿತಪಡಿಸಿಕೊಳ್ಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಒಂದು ಪಟ್ಟಿ ಮಾಡಿಕೊಟ್ಟಿದೆ. ಕೇಳದೆ ಇದ್ದರೆ ಹೆದರಬೇಕು.

ಆಪರೇಷನ್ ಆದ ಮೇಲೆ ಮೊದಲ ಕೆಲವು ಗಂಟೆ ಬಿಪಿ, ನಾಡಿ, ಡ್ರೆಸ್ಸಿಂಗ್ ಒದ್ದೆಯಾಗಿದೆಯಾ, ಮೂತ್ರ ಹೋಯಿತಾ ಅಂತ ಬಿಡದೆ ನೋಡಿದರು. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳುವುದು ಅಲ್ಲಿಯ ಪದ್ಧತಿ. ಅವ್ವನ ಉತ್ತರ ಒಂದೇ, "ಹಿಂಗೇ ಐತೆ". ನಾಗಮಂಗಲ ಕಡೆಯ ಒಬ್ಬ ಸಿಸ್ಟರ್ ಬಂದು, "ಅವ್ವಾ, ತಡೆಯೋಕೇ ಆಗದ ನೋವು ಅಂದ್ರೆ ಹತ್ತು ರೂಪಾಯಿ. ಈಗ ಎಷ್ಟು ರೂಪಾಯಿ ಐತೆ?" ಅಂದರು. ತಕ್ಷಣ ಬಂತು, "ಏಳು". ಮಾತ್ರೆ, ಇಂಜೆಕ್ಷನ್ ಆದ ಅರ್ಧ ಗಂಟೆಗೆ ಮತ್ತೆ ಬಂದು ಕೇಳಿದರು. "ಮೂರು ರೂಪಾಯಿ." ನೋವಿನ ಮದ್ದು ಕೊಟ್ಟು ಹೋಗುವವರು ಎಲ್ಲ ಕಡೆ ಇದ್ದಾರೆ, ಕಡಿಮೆಯಾಯಿತಾ ಅಂತ ತಿರುಗಿ ಬಂದು ಕೇಳುವವರು ಕಡಿಮೆ.

ಡ್ಯೂಟಿ ಬದಲಾಗುವುದನ್ನು ನಾನು ಕುತೂಹಲದಿಂದ ನೋಡುತ್ತಿದ್ದೆ. ನಾನು ಬಸ್ ಕಂಡಕ್ಟರ್. ನಮ್ಮಲ್ಲಿ ಡ್ಯೂಟಿ ಮುಗಿದರೆ ಟಿಕೆಟ್ ಮಷೀನು, ಕ್ಯಾಶು ಲೆಕ್ಕ ಹಾಕಿ ಒಪ್ಪಿಸಿ ಸಹಿ ಹಾಕುತ್ತೇವೆ. ಇಲ್ಲಿ ಮನುಷ್ಯರನ್ನೇ ಹಾಗೆ ಒಪ್ಪಿಸುತ್ತಿದ್ದರು. ಬೆಳಿಗ್ಗೆ 8ಕ್ಕೆ ಹೋಗುವವರು, ಬರುವವರು ಇಬ್ಬರೂ ಮಂಚದ ಹತ್ತಿರ ನಿಂತು, ರಾತ್ರಿ ಶುಗರ್ ಎಷ್ಟಿತ್ತು, ಯಾವ ಔಷಧಿ ಬಾಕಿ, ಡ್ರೆಸ್ಸಿಂಗ್ ಯಾವಾಗ ಅಂತ ಅವ್ವನ ಎದುರೇ ಮಾತಾಡುತ್ತಿದ್ದರು. ಒಂದು ದಿನ ರಾತ್ರಿಯ ಸಿಸ್ಟರ್ "ಊಟ ಮಾಡಿದ್ದಾರೆ" ಅಂದಾಗ ಅವ್ವ ನಡುವೆ ಬಾಯಿ ಹಾಕಿ, "ಅರ್ಧ ಇಡ್ಲಿ ತಿಂದೆ ಅಷ್ಟೆಯಾ" ಅಂದಳು. ಇನ್ಸುಲಿನ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಿದರು.

ಈಗ ಮುಖ್ಯ ವಿಷಯ, ಕಲಿಸಿದ ರೀತಿ.

ಆಪರೇಷನ್ ಆದ ಮಾರನೇ ದಿನವೇ ಇನ್ಸುಲಿನ್ ಪಾಠ ಶುರುವಾಯಿತು. ನಾನು ಮುಂದೆ ಬಂದು ನಿಂತೆ. ಸಿಸ್ಟರ್ ನನ್ನನ್ನು ಪಕ್ಕಕ್ಕೆ ಸರಿಸಿದರು. "ನೀವು ಡ್ಯೂಟಿಗೆ ಹೋದ್ಮೇಲೆ ಚುಚ್ಚೋರು ಯಾರು? ಅಮ್ಮನೇ ಕಲೀಲಿ." ಅವ್ವನಿಗೆ ಅಕ್ಷರ ಬರಲ್ಲ, ಎಣಿಕೆ ಬರುತ್ತೆ. ಸಿರಿಂಜಿನ ಗೆರೆ ಎಣಿಸುವುದನ್ನು ಕಲಿಸಿದರು. ಮೊದಲು ಬರೀ ನೀರು ಎಳೆದು ಅಭ್ಯಾಸ. ಗುಳ್ಳೆ ಬಂದರೆ ಬೆರಳಲ್ಲಿ ತಟ್ಟಿ ಹೊರಗೆ ಹಾಕೋದು. ಅವ್ವನದು 30:70 ಮಿಶ್ರಣದ ಇನ್ಸುಲಿನ್ (ಬೇಗ ಕೆಲಸ ಮಾಡುವುದು 30 ಪಾಲು, ನಿಧಾನಕ್ಕೆ ಮಾಡುವುದು 70 ಪಾಲು), ಹಾಲಿನ ಬಣ್ಣ. ಅದನ್ನು ಕುಲುಕಬಾರದು, ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಬೇಕು. ಹೊಕ್ಕುಳಿಂದ ಎರಡು ಬೆರಳು ಬಿಟ್ಟು ಚುಚ್ಚಬೇಕು, ದಿನಾ ಒಂದೇ ಕಡೆ ಬೇಡ, ಇಲ್ಲದಿದ್ದರೆ ಗಂಟು ಕಟ್ಟಿ ಔಷಧಿ ಸರಿಯಾಗಿ ಹಿಡಿಯಲ್ಲ. ಚುಚ್ಚಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು, ಉಜ್ಜಬಾರದು.

ಪಾಠ ಮುಗಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಲಿಲ್ಲ. ಅದು ನನಗೆ ಬಹಳ ಹಿಡಿಸಿತು. ನಮ್ಮ ಜನಕ್ಕೆ ಅರ್ಥ ಆಯ್ತಾ ಅಂದರೆ ಹೂಂ ಅಂತ ತಲೆ ಆಡಿಸೋದು ಅಭ್ಯಾಸ. ಬಸ್ಸಲ್ಲಿ ದಿನಾ ನೋಡ್ತೀನಿ, ಸ್ಟಾಪ್ ಗೊತ್ತಾಯ್ತಾ ಅಂದರೆ ಹೂಂ ಅಂತಾರೆ, ಆಮೇಲೆ ಮುಂದಿನ ಊರಲ್ಲಿ ಇಳೀತಾರೆ. ಸಿಸ್ಟರ್ ಅಂದಿದ್ದು ಹೀಗೆ: "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು. ಈಗ ನೀವು ನನಗೆ ಹೇಳ್ಕೊಡಿ ಅಮ್ಮ." ಪರೀಕ್ಷೆ ಅವ್ವನಿಗಲ್ಲ, ತನಗೆ ಅನ್ನೋ ಥರ. ಅವ್ವ ಉರುಳಿಸೋದು ಮರೆತು ಸೀದಾ ಸೂಜಿಗೆ ಕೈ ಹಾಕಿದಳು. ಸಿಸ್ಟರ್ ತಪ್ಪು ಅನ್ನಲಿಲ್ಲ, ಅಷ್ಟನ್ನು ಮಾತ್ರ ಮತ್ತೆ ತೋರಿಸಿದರು. ಮರುದಿನ ಬೇರೆ ಸಿಸ್ಟರ್ ಬಂದಾಗಲೂ ಇದೇ ಕ್ರಮ. ಕೇರಳದಿಂದ ಬಂದ ಒಬ್ಬರಿಗೆ ಕನ್ನಡ ಅರ್ಧಂಬರ್ಧ, ಅವ್ವನ ಮಂಡ್ಯ ಮಾತು ಅವರಿಗೆ ಇನ್ನೂ ಕಷ್ಟ. ಇಬ್ಬರೂ ಕೈಯಲ್ಲೇ ಮಾತಾಡಿ ಮುಗಿಸಿದರು. ನಿಜ ಹೇಳಬೇಕೆಂದರೆ ಸೂಜಿ ಹಿಡಿಯುವ ಕೈ ಕೂರಿಸಿದ್ದು ಅವರೇ.

ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕು ಅನ್ನೋದು ಈ ಥರದ ಇನ್ಸುಲಿನ್ನಿನ ನಿಯಮ. ಅವ್ವ ಗಡಿಯಾರ ನೋಡಲ್ಲ. ನಾಗಮಂಗಲದ ಸಿಸ್ಟರ್ ಹೇಳಿದ್ದು, "ಮುದ್ದೆಗೆ ಎಸರಿಟ್ಟಾಗ ಚುಚ್ಕೊಳ್ಳಿ. ಮುದ್ದೆ ಕಟ್ಟಿ ತಟ್ಟೆಗೆ ಹಾಕೋ ಹೊತ್ತಿಗೆ ಸರಿಹೋಗುತ್ತೆ." ಹಿಂದೆಯೇ ಎಚ್ಚರಿಕೆ, ಚುಚ್ಚಿಕೊಂಡ ಮೇಲೆ ಯಾರೋ ಬಂದರು ಅಂತ ಜಗಲಿಯಲ್ಲಿ ಮಾತಿಗೆ ಕೂರಬಾರದು. ನಮ್ಮವ್ವನನ್ನು ಎಷ್ಟು ಬೇಗ ಅರ್ಥ ಮಾಡಿಕೊಂಡರು ನೋಡಿ!

ಶುಗರ್ ಇಳಿದರೆ ಏನು ಮಾಡಬೇಕು ಅನ್ನೋದನ್ನು ಮನೆಯವರೆಲ್ಲರನ್ನೂ ಕೂರಿಸಿ ಹೇಳಿದರು. ಬೆವರು, ನಡುಕ, ತಡೆಯಲಾಗದ ಹಸಿವು, ಮಾತು ತಡವರಿಸುವುದು ಕಂಡರೆ ಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಂದು ಸಲ. ಏರಿದ ಮೇಲೆ ಊಟ ಕೊಡಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಸಕ್ಕರೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ.

ಸಿರಿಂಜಿನ ಮುಚ್ಚಳದ ಬಣ್ಣದ ಬಗ್ಗೆ ಅಲ್ಲಿ ಕಲಿತದ್ದು ಎಲ್ಲರಿಗೂ ಗೊತ್ತಿರಬೇಕು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಎರಡು ಥರ ಸಿಗುತ್ತೆ, ಒಂದು ಎಂಎಲ್‌ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ್ದು. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಏರುಪೇರು. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 16 ಗೆರೆ ಎಳೆದರೆ ಒಳಗೆ ಹೋಗೋದು 40 ಯೂನಿಟ್. ಸಿಸ್ಟರ್ ಎರಡನ್ನೂ ಟೇಬಲ್ ಮೇಲಿಟ್ಟು ತೋರಿಸಿದ್ದರು. ಮನೆಗೆ ಬಂದ ಮೇಲೆ ಒಂದು ಮೆಡಿಕಲ್ ಸ್ಟೋರಿನ ಹುಡುಗ ಕೆಂಪಿನ ಬದಲು ಕಿತ್ತಳೆ ಕೊಟ್ಟ. "ಎಲ್ಲಾ ಒಂದೇ ಅಕ್ಕ" ಅಂದನಂತೆ. ನನ್ನ ಹೆಂಡತಿ ಕೌಂಟರಿನಲ್ಲೇ ಅವನಿಗೆ ಲೆಕ್ಕ ಹೇಳಿ ವಾಪಸ್ ಕೊಟ್ಟು ಬಂದಳು.

ಬಾಟಲಿ ಇಡುವುದರ ಬಗ್ಗೆಯೂ ಹೇಳಿದರು. ಇನ್ನೂ ಬಳಸಲು ಶುರು ಮಾಡದ್ದನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿನಲ್ಲಿ ಖಂಡಿತ ಬೇಡ. ಹೆಪ್ಪುಗಟ್ಟಿದರೆ ಬಿಸಾಡಬೇಕು. ಬಳಸುತ್ತಿರುವುದು ಬಿಸಿಲು ತಾಗದ ತಂಪಿನಲ್ಲಿ ಸುಮಾರು ನಾಲ್ಕು ವಾರ ಇರುತ್ತೆ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಮಣ್ಣಿನ ಮಡಕೆ ಸಾಕು, ನೀರು ಬಾಟಲಿಗೆ ತಾಗದಂತೆ.

ಕಾಲಿನ ಪಾಠ ಉದ್ದ. ದಿನಾ ಪಾದ ನೋಡಿಕೊಳ್ಳುವುದು, ಅಡಿ ಕಾಣದಿದ್ದರೆ ಕನ್ನಡಿ ನೆಲದ ಮೇಲಿಟ್ಟು ನೋಡುವುದು. ಒಳ್ಳೆಯ ಕಾಲನ್ನು ಬೆಚ್ಚಗಿನ ನೀರಲ್ಲಿ ತೊಳೆಯಬೇಕು, ಬಿಸಿ ಎಷ್ಟಿದೆ ಅಂತ ಕಾಲಿಟ್ಟು ನೋಡಬಾರದು, ಮೊಣಕೈ ಅದ್ದಿ ನೋಡಬೇಕು. ಬೆರಳ ಸಂದಿ ಒರೆಸಬೇಕು. ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಸಂದಿಗೆ ಬೇಡ. ಉಗುರು ನೇರಕ್ಕೆ ಕತ್ತರಿಸಬೇಕು. ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸಬೇಕು. ಗಾಯ ಮಾಯುವವರೆಗೆ ಪಾದದ ಮುಂಭಾಗಕ್ಕೆ ಭಾರ ಬಿಡದೆ ವಾಕರ್ ಹಿಡಿದು ನಡೆಯಬೇಕು. ದೇವಸ್ಥಾನಕ್ಕೆ ಬರಿಗಾಲಲ್ಲಿ ಹೋಗೋದು ಬೇಡ ಅಂದಾಗ ಅವ್ವ ಒಪ್ಪಲಿಲ್ಲ. ಕೊನೆಗೆ ದಪ್ಪ ಕಾಲುಚೀಲ, ಅದೂ ಬಿಸಿಲು ಏರುವ ಮೊದಲು ಅಂತ ರಾಜಿ ಆಯಿತು.

ಎಲೆ ಅಡಿಕೆ ಜೊತೆ ಹಾಕುವ ಹೊಗೆಸೊಪ್ಪು ರಕ್ತನಾಳವನ್ನು ಕಿರಿದು ಮಾಡುತ್ತೆ, ಗಾಯ ಮಾಯೋದು ತಡವಾಗುತ್ತೆ ಅಂತಲೂ ಬಿಡಿಸಿ ಹೇಳಿದರು. ಬಿಟ್ಟಳು ಅಂತ ಬರೆಯೋ ಆಸೆ. ಕಡಿಮೆ ಮಾಡಿದ್ದಾಳೆ.

ಇನ್ನು ದೂರು. ಭಾನುವಾರ ರಾತ್ರಿ ಆ ವಾರ್ಡಿಗೆ ಸಿಸ್ಟರ್ ಒಬ್ಬರೇ, ಜೊತೆಗೆ ಒಬ್ಬ ಟ್ರೈನಿ ಹುಡುಗಿ. ಡ್ರಿಪ್ ಹಾಕಿದ ಕೈ ಊದಿಕೊಂಡಿತು. ಬೆಲ್ ಒತ್ತಿದರೆ ಬಲ್ಬು ಉರಿಯುತ್ತೆ, ಜನ ಬರಲ್ಲ. ಆ ಸಿಸ್ಟರ್ ಇನ್ನೊಂದು ಬೆಡ್ಡಿನಲ್ಲಿ ವಾಂತಿ ಮಾಡುತ್ತಿದ್ದವರನ್ನು ಹಿಡಿದು ನಿಂತಿದ್ದರು, ನಾನೇ ನೋಡಿದೆ. ಆಮೇಲೆ ಓಡಿ ಬಂದು ಸೂಜಿ ತೆಗೆದು ಇನ್ನೊಂದು ಕೈಗೆ ಹಾಕಿದರು. ಬೈಯಬೇಕಾದ್ದು ಅವರನ್ನಲ್ಲ, ಅಷ್ಟು ಬೆಡ್ಡಿಗೆ ಒಬ್ಬರನ್ನೇ ಹಾಕಿದವರನ್ನು. ರೂಮ್ ಬಾಡಿಗೆಯಲ್ಲಿ "ನರ್ಸಿಂಗ್ ಚಾರ್ಜ್" ಅಂತ ಬೇರೆ ಸಾಲು ಇರುತ್ತೆ, ಭಾನುವಾರ ಅಂತ ಅದರಲ್ಲಿ ಕಡಿತ ಇರಲಿಲ್ಲ.

ಡಯಟ್ ಚೀಟಿ ಇಂಗ್ಲಿಷಿನಲ್ಲಿ ಪ್ರಿಂಟ್ ಆಗಿತ್ತು. ಓಟ್ಸ್, ಬ್ರೌನ್ ಬ್ರೆಡ್, ಬ್ರೊಕೋಲಿ. ಮಂಡ್ಯದ ಹಳ್ಳಿಗೆ! ಮುದ್ದೆ ತಿನ್ನಬಹುದಾ ಅಂತ ಕೇಳಿದರೆ ಡಯಟಿಷಿಯನ್ "ಲಿಮಿಟಲ್ಲಿ" ಅಂದು ಹೋದರು. ಸಿಸ್ಟರೇ ಆ ಚೀಟಿ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟರು. ರಾಗಿ ಅಂದ ಮಾತ್ರಕ್ಕೆ ಶುಗರ್ ಏರಲ್ಲ ಅನ್ನೋದು ಸುಳ್ಳು, ಮುದ್ದೆ ಎರಡರ ಬದಲು ಒಂದು, ಅದೂ ಚಿಕ್ಕದು, ಸೊಪ್ಪಿನ ಸಾರು, ಕಾಳು ಜಾಸ್ತಿ, ಮುದ್ದೆ ಆದ ಮೇಲೆ ಮತ್ತೆ ಅನ್ನ ಬೇಡ, ಟೀಗೆ ಬೆಲ್ಲ ಹಾಕಿದರೂ ಸಕ್ಕರೆ ಹಾಕಿದರೂ ಒಂದೇ. ನಮ್ಮ ಅಡುಗೆಮನೆ ಗೋಡೆಗೆ ಅಂಟಿಸಿರೋದು ಆ ಹಿಂಭಾಗವನ್ನೇ.

ಡಿಸ್ಚಾರ್ಜ್ ದಿನ ಎಲ್ಲಕ್ಕಿಂತ ಕೆಟ್ಟದು. ಬೆಳಿಗ್ಗೆ ರೌಂಡ್ಸಿನಲ್ಲಿ "ಮನೆಗೆ ಹೋಗಬಹುದು" ಅಂದರು, ಬಿಲ್ ಆಗಿ ಹೊರಗೆ ಬಂದಾಗ ಸಂಜೆ. ಔಷಧಿಗಳ ಬಗ್ಗೆ ಹೇಳಲು ಬಂದವರು ನಾವು ಅದುವರೆಗೆ ನೋಡದ ಯಾರೋ. ಬ್ಯಾಗು ಕೈಯಲ್ಲಿ, ಅವ್ವ ವೀಲ್‌ಚೇರಿನಲ್ಲಿ, ಆಟೋ ಹೊರಗೆ. ಆ ಗಡಿಬಿಡಿಯಲ್ಲಿ ಒಂಬತ್ತು ಔಷಧಿಯನ್ನು ಗಡಗಡ ಓದಿ ಮುಗಿಸಿದರು. ಹಳೆಯ ಶುಗರ್ ಮಾತ್ರೆ ಮುಂದುವರಿಸಬೇಕಾ, ನಿಲ್ಲಿಸಬೇಕಾ? ಚೀಟಿಯಲ್ಲಿ ಇಲ್ಲ. ವಾರ್ಡಿಗೆ ವಾಪಸ್ ಹೋಗಿ ಪರಿಚಯದ ಸಿಸ್ಟರನ್ನು ಹಿಡಿದು, ಅವರು ಡಾಕ್ಟರಿಗೆ ಫೋನ್ ಮಾಡಿ, ಒಂದು ನಿಲ್ಲಿಸಬೇಕು ಅಂತ ಗೊತ್ತಾಯಿತು. ಅಷ್ಟು ಚೆನ್ನಾಗಿ ಕಲಿಸಿದ ಜಾಗದಲ್ಲಿ ಕೊನೆಯ ಪಾಠ ಹೀಗೆ! ನಿಮ್ಮವರು ಸೇರಿದ್ದರೆ ಔಷಧಿ ಪಟ್ಟಿಯನ್ನು ಹಿಂದಿನ ಸಂಜೆಯೇ ಕೇಳಿ, ಹಳೆಯ ಮಾತ್ರೆಗಳ ಡಬ್ಬಿಯನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಹೇಳಿಸಿಕೊಳ್ಳಿ.

ಮನೆಯಲ್ಲಿ ಡ್ರೆಸ್ಸಿಂಗ್ ಮಾಡಲು ಒಂದು ಹೋಂ ನರ್ಸಿಂಗ್ ಸರ್ವಿಸಿಗೆ ಹೇಳಿದ್ದೆವು. ಅದಕ್ಕೆ ಸ್ಟಾರ್ ಕೊಡಲ್ಲ. "ನರ್ಸ್" ಅಂತ ಕಳಿಸಿದ ಹುಡುಗ ಗೇಟ್ ತೆಗೆದು ಬಂದವನೇ ಬ್ಯಾಂಡೇಜಿಗೆ ಕೈ ಹಾಕಿದ. ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. "ಏನ್ ಮಗಾ, ಕೈ ತೊಳ್ಕಂಡ್ಯಾ?" ಅವನು ತೊಳೆದು ಬಂದ. ಬಾಟಲಿ ತೆಗೆದ. "ಅದೇನು ನೊರೆ ಬರೋದಾ? ಅದ್ ಬ್ಯಾಡ. ಸಲೈನಲ್ಲಿ ತೊಳಿ ಅಂತ ಸಿಸ್ಟರವ್ವ ಹೇಳ್ಕೊಟ್ಟವ್ರೆ." ಹುಡುಗ ನನ್ನ ಮುಖ ನೋಡಿದ. ಕೇಳಿದರೆ ಅವನು ನರ್ಸಿಂಗ್ ಓದಿಲ್ಲ, ಯಾವುದೋ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದ್ದಾನೆ ಅಷ್ಟೆ. ಮೂರು ವರ್ಷದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿದವರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಫೋನಿನಲ್ಲೇ ಆ ನಂಬರ್ ಕೇಳಿ. ನಾವು ಕೇಳಿದ್ದಕ್ಕೆ ಆ ಸರ್ವಿಸಿನವರು ಫೋನ್ ಇಟ್ಟರು. ಆಮೇಲೆ ವಾರ್ಡಿನಲ್ಲಿ ಕಲಿತ ಪ್ರಕಾರ ನನ್ನ ತಂಗಿಯೇ ಡ್ರೆಸ್ಸಿಂಗ್ ಮಾಡಿದಳು. ಕೆಂಪಾಗಿದೆಯಾ, ಊದಿದೆಯಾ, ಕೀವು ಇದೆಯಾ, ವಾಸನೆ ಇದೆಯಾ ನೋಡಿ ಫೋಟೋ ತೆಗೆದು ಇಡುತ್ತಿದ್ದಳು, ಓಪಿಡಿಯಲ್ಲಿ ತೋರಿಸಲು.

ಆಸ್ಪತ್ರೆಯವರು ಹೇಳಿದ ಎಂಸಿಆರ್ ಚಪ್ಪಲಿ (ಶುಗರ್ ಇರುವವರ ಪಾದಕ್ಕೆ ಅಂತ ಮೆತ್ತನೆಯ ರಬ್ಬರಿನಲ್ಲಿ ಮಾಡಿದ್ದು), ಹಿಂದೆ ಪಟ್ಟಿ ಇರುವುದು, ಅಲ್ಲೇ ಸಿಗುತ್ತೆ. ಮೆತ್ತಗಿದೆ, ಹಿಡಿತ ಚೆನ್ನಾಗಿದೆ. ಬಣ್ಣ ಕಪ್ಪು ಒಂದೇ, ಅವ್ವನಿಗೆ ಕಪ್ಪು ಆಗಲ್ಲ. ಬೈದುಕೊಂಡೇ ಹಾಕುತ್ತಾಳೆ.

ಮಂಡ್ಯ ಕಡೆಯಿಂದ ಫಾಲೋಅಪ್‌ಗೆ ಬರುವವರಿಗೆ ಒಂದು ಮಾತು, ಇದು ಕಂಡಕ್ಟರ್ ಆಗಿ. ಕಾಲಿಗೆ ಡ್ರೆಸ್ಸಿಂಗ್ ಇದ್ದರೆ ಬೆಳಗಿನ ರಶ್ಶು ಕಳೆದ ಮೇಲೆ ಹತ್ತಿ, ಹತ್ತುವಾಗಲೇ ಕಂಡಕ್ಟರಿಗೆ ಹೇಳಿ, ಮುಂದಿನ ಸೀಟು ಕೊಡಿಸ್ತೀವಿ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ಕೈಗೆ ಸಿಗೋ ಹಾಗೆ ಇಟ್ಟುಕೊಳ್ಳಿ. ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ತಿನ್ನದೆ ಮಾತ್ರ ಬಸ್ ಹತ್ತಬೇಡಿ.